ಕಚೇರಿ ಮುಗಿದ ಮೇಲಿನ ಬದುಕು: ನಟ ಅಮರೀಶ್ ಪುರಿ

(2006ನೇ ಸಾಲಿನ ಎಸ್ಸೆಸ್ಸೆಲ್ಸಿ ಬ್ಯಾಚಿನ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ಕಂಪ್ಯೂಟರ್ ವಿಷಯವನ್ನೇ ಬರೆಯುತ್ತೇನೆಂದು ಅವರು ಎಣಿಸಿದ್ದರೇನೋ. ಆ ವಿಷಯ ಬಲ್ಲವರು ಈಗ ನಮ್ಮ ಶಾಲೆಯ ಪ್ರತಿ ಬ್ಯಾಚಿನಲ್ಲೂ ನಾಲ್ಕಾರು ಮಂದಿ ಇದ್ದಾರೆ. ಆದ್ದರಿಂದ ನಾನು ಒಬ್ಬ ನಟನ ಜೀವನದ ಬಗ್ಗೆ ಬರೆಯಲು ಹೊರಟಿದ್ದೇನೆ. ಅವರು ಊರೂರಿನಲ್ಲಿ ಮಕ್ಕಳನ್ನು ಹೆದರಿಸಿದ ಖಳನಟ. ಅದಕ್ಕೂ ಮೊದಲು ಇಪ್ಪತ್ತೊಂದು ವರ್ಷ ಸರ್ಕಾರಿ ವಿಮಾ ನಿಗಮವೊಂದರಲ್ಲಿ ಕಡತ ನೋಡಿಕೊಂಡಿದ್ದ ನೌಕರ. ಹೆಸರು ಅಮರೀಶ್ ಪುರಿ.

ನಮ್ಮ ಶಾಲೆಯಲ್ಲಿ ಓದಿದವರು ಇಂದು ಗುಮಾಸ್ತರಾಗಿದ್ದಾರೆ, ಶಿಕ್ಷಕರಾಗಿದ್ದಾರೆ, ಬಸ್ ಕಂಡಕ್ಟರ್ ಆಗಿದ್ದಾರೆ, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದಾರೆ, ನನ್ನಂತೆ ಇಂಜಿನಿಯರ್ ಆಗಿದ್ದಾರೆ. ಇವರಲ್ಲಿ ಎಷ್ಟೋ ಜನ ಶಾಲಾ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿದವರು. ಕೆಲಸ ಸಿಕ್ಕಿತು, ಮದುವೆಯಾಯಿತು, ಅಲ್ಲಿಗೆ ಬಣ್ಣದ ನಂಟು ಮುಗಿಯಿತು. ಸಂಬಳವಿಲ್ಲದೆ ಮನೆ ನಡೆಯದು, ಇದರಲ್ಲಿ ಯಾರದೂ ತಪ್ಪಿಲ್ಲ. ಆದರೆ ಸಂಬಳವನ್ನೂ ಬಿಡದೆ ಬಣ್ಣವನ್ನೂ ಬಿಡದೆ ಬದುಕಿದ ಒಬ್ಬರ ಕಥೆಯನ್ನು ನಾವು ತಿಳಿದಿರುವುದು ಒಳ್ಳೆಯದು.

ಹುಟ್ಟು, ಓದು, ಮೊದಲ ಸೋಲು

ಅಮರೀಶ್ ಪುರಿ ಹುಟ್ಟಿದ್ದು 1932ರ ಜೂನ್ 22ರಂದು, ಪಂಜಾಬಿನ ನವಾಂಶಹರದಲ್ಲಿ. ಕಾಲೇಜು ಓದಿದ್ದು ಶಿಮ್ಲಾದಲ್ಲಿ. ಮನೆಯಲ್ಲಿ ಕಲೆಯ ಗಾಳಿ ಮೊದಲೇ ಇತ್ತು. ಹಿಂದಿಯ ಮೊದಲ ತಲೆಮಾರಿನ ಮಹಾಗಾಯಕ ಕೆ.ಎಲ್. ಸೈಗಲ್ ಇವರ ಬಂಧು. ಅಣ್ಣಂದಿರಾದ ಚಮನ್ ಪುರಿ ಮತ್ತು ಮದನ್ ಪುರಿ ಇಬ್ಬರೂ ಸಿನಿಮಾ ನಟರು. ಅದರಲ್ಲೂ ಮದನ್ ಪುರಿ ಹಿಂದಿ ಸಿನಿಮಾದ ಹೆಸರಾಂತ ಖಳನಟರು.

ಹೀಗಿರುವಾಗ ತಮ್ಮನಿಗೂ ಬೊಂಬಾಯಿಯ ಕನಸು ಬಿದ್ದದ್ದು ಸಹಜ. ಆದರೆ ಅವರು ಹೋದದ್ದು ನಾಯಕನಾಗಬೇಕೆಂದು. 1954ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಸ್ಕ್ರೀನ್ ಟೆಸ್ಟಿಗೆ ನಿಂತರು. ನಪಾಸಾದರು. ನಾಯಕನೆಂದರೆ ನಯವಾದ ಮುಖ, ಮೃದುವಾದ ಮಾತು ಎಂದಿದ್ದ ಕಾಲ ಅದು. ಇವರದು ಒರಟು ಮುಖ, ದಪ್ಪ ಹುಬ್ಬು, ಭಾರೀ ಕಂಠ. ಅಣ್ಣಂದಿರು ಚಿತ್ರರಂಗದಲ್ಲಿದ್ದರೂ ಬಾಗಿಲು ತೆರೆಯಲಿಲ್ಲ.

ಆ ವಯಸ್ಸಿನ ಸೋಲು ದೊಡ್ಡದು. ಊರಿಗೆ ಮರಳಿದವರಿದ್ದಾರೆ, ಸ್ಟುಡಿಯೋ ಬಾಗಿಲಲ್ಲೇ ವರ್ಷಗಟ್ಟಲೆ ಕಾದು ಹಾಳಾದವರೂ ಇದ್ದಾರೆ. ಅಮರೀಶ್ ಪುರಿ ನೌಕರಿಗೆ ಸೇರಿದರು. ಕಾರ್ಮಿಕರ ರಾಜ್ಯ ವಿಮಾ ನಿಗಮ, ಅಂದರೆ ನಾವೆಲ್ಲ ಇಎಸ್‌ಐ ಎಂದು ಕರೆಯುವ ಸಂಸ್ಥೆ. ಕಾರ್ಖಾನೆಯ ಕಾರ್ಮಿಕರಿಗೆ ಕಾಯಿಲೆ, ಅಪಘಾತ, ಹೆರಿಗೆಯ ಹೊತ್ತಿನಲ್ಲಿ ನೆರವಾಗಲೆಂದು ಸ್ವಾತಂತ್ರ್ಯ ಬಂದ ಹೊಸದರಲ್ಲಿ ಕಾನೂನು ಮಾಡಿ ಸ್ಥಾಪಿಸಿದ ನಿಗಮ ಅದು. ಅಲ್ಲಿಯ ಕಚೇರಿಯಲ್ಲೇ ಉರ್ಮಿಳಾ ದಿವೇಕರ್ ಅವರ ಪರಿಚಯವಾಯಿತು. 1957ರಲ್ಲಿ ಮದುವೆಯಾದರು. ಮುಂದೆ ಒಬ್ಬ ಮಗ, ಒಬ್ಬ ಮಗಳು. ಹೊರಗಿನಿಂದ ನೋಡಿದವರಿಗೆ ಇದು ಇನ್ನೊಬ್ಬ ಬೊಂಬಾಯಿ ನೌಕರನ ಸಂಸಾರ, ಅಷ್ಟೇ.

ಸಂಜೆಯ ತಾಲೀಮು

ಸಿನಿಮಾ ಬೇಡವೆಂದ ಮುಖ ಮತ್ತು ಕಂಠ ಎರಡನ್ನೂ ಬೇಕೆಂದದ್ದು ರಂಗಭೂಮಿ. ಅರವತ್ತರ ದಶಕದ ಆರಂಭದಲ್ಲಿ ಅವರು ಇಬ್ರಾಹಿಂ ಅಲ್ಕಾಜಿಯವರ ಸಂಪರ್ಕಕ್ಕೆ ಬಂದರು. ಅಲ್ಕಾಜಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದ ಮೇಲೆ ಬೊಂಬಾಯಿಯಲ್ಲಿ ಅವರ ಥಿಯೇಟರ್ ಯೂನಿಟ್ ತಂಡವನ್ನು ನಡೆಸಿಕೊಂಡು ಬಂದವರು ಸತ್ಯದೇವ ದುಬೆ. ದುಬೆ ಬಿಲಾಸಪುರದವರು, ಕ್ರಿಕೆಟ್ ಆಟಗಾರನಾಗಬೇಕೆಂದು ಬೊಂಬಾಯಿಗೆ ಬಂದು ನಾಟಕಕ್ಕೆ ಬಿದ್ದವರು. ವಯಸ್ಸಿನಲ್ಲಿ ಅಮರೀಶ್ ಪುರಿಯವರಿಗಿಂತ ನಾಲ್ಕು ವರ್ಷ ಚಿಕ್ಕವರು. ಆದರೂ ಪುರಿಯವರು ಕೊನೆಯವರೆಗೂ ದುಬೆಯವರನ್ನು ಗುರುಗಳೆಂದೇ ನಡೆಸಿಕೊಂಡರು. ಕಿರಿಯರಿಂದ ಕಲಿಯಲು ಅವರಿಗೆ ಸಂಕೋಚವಾಗಲಿಲ್ಲ.

ಹಗಲೆಲ್ಲ ಕಚೇರಿ, ಸಂಜೆ ತಾಲೀಮು. ಇದು ಒಂದೆರಡು ವರ್ಷದ ಉತ್ಸಾಹವಾಗಿರದೆ ಹದಿನೈದು ವರ್ಷಗಳ ಹತ್ತಿರ ನಡೆದ ದಿನಚರಿಯಾಗಿತ್ತು. ಹವ್ಯಾಸಿ ರಂಗಭೂಮಿಯಲ್ಲಿ ಹಣವಿಲ್ಲ ಎಂಬುದು ನಾಟಕ ಆಡಿದ ಎಲ್ಲರಿಗೂ ಗೊತ್ತು. ದುಬೆಯವರ ತಂಡಕ್ಕೆ ಸ್ವಂತ ರಂಗಮಂದಿರವೂ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಬೊಂಬಾಯಿಯ ಹೊಸ ನಾಟಕಗಳಿಗೆ ನೆಲೆ ಸಿಕ್ಕಿದ್ದು ದಾದರಿನ ಛಬಿಲ್‌ದಾಸ್ ಹೈಸ್ಕೂಲಿನ ಸಭಾಂಗಣದಲ್ಲಿ. ಭಾರತದ ಆಧುನಿಕ ರಂಗಭೂಮಿಯ ಎಷ್ಟೋ ಮುಖ್ಯ ಪ್ರಯೋಗಗಳು ನಡೆದದ್ದು ಒಂದು ಶಾಲೆಯ ಹಾಲಿನಲ್ಲಿ ಎಂಬುದನ್ನು ನಮ್ಮ ಶಾಲೆಯವರು ಗಮನಿಸಬೇಕು.

ಕನ್ನಡಿಗರಿಗೆ ಇಲ್ಲಿ ಹೆಮ್ಮೆಯ ಸಂಗತಿಯೊಂದಿದೆ. ಅಮರೀಶ್ ಪುರಿಯವರು ನಟರಾಗಿ ಬೆಳೆದದ್ದರಲ್ಲಿ ನಮ್ಮ ಕನ್ನಡ ನಾಟಕಗಳ ಪಾಲು ದೊಡ್ಡದು. ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ದುಬೆಯವರು 1967ರಲ್ಲಿ ಹಿಂದಿಯಲ್ಲಿ ಆಡಿಸಿದಾಗ ಯಯಾತಿಯಾದವರು ಪುರಿ. ಮುಪ್ಪನ್ನು ಮಗನಿಗೆ ದಾಟಿಸಲು ಹೊರಟ ರಾಜನ ಪಾತ್ರ ಸಿಕ್ಕಾಗ ಅವರಿಗೆ ಮೂವತ್ತೈದರ ಆಸುಪಾಸು. 1972ರಲ್ಲಿ ಕಾರ್ನಾಡರದೇ ‘ಹಯವದನ’ ಹಿಂದಿಗೆ ಬಂದಾಗಲೂ ಅಮೋಲ್ ಪಾಲೇಕರ್ ಜೊತೆ ಇವರು ರಂಗದ ಮೇಲಿದ್ದರು.

ಅವರ ರಂಗಪಾತ್ರಗಳಲ್ಲಿ ಬಲ್ಲವರು ಮತ್ತೆ ಮತ್ತೆ ನೆನೆಯುವುದು ಮೋಹನ ರಾಕೇಶರ ‘ಆಧೇ ಅಧೂರೇ’ಯನ್ನು. ಇದೊಂದು ಮಧ್ಯಮ ವರ್ಗದ ಮನೆಯ ನಾಟಕ. ಆ ಮನೆಯ ಹೆಂಗಸಿನ ಬದುಕಿನಲ್ಲಿ ಬರುವ ಗಂಡ, ಅಧಿಕಾರಿ, ಸ್ನೇಹಿತ, ಹಳೆಯ ಪ್ರೇಮಿ, ಈ ನಾಲ್ವರನ್ನೂ ಒಬ್ಬನೇ ನಟ ಆಡಬೇಕೆಂಬುದು ನಾಟಕಕಾರರ ಕಟ್ಟಳೆ. ಕೋಟು ಬದಲಿಸಿ ಬಂದರೆ ಸಾಲದು. ನಿಲ್ಲುವ ರೀತಿ, ಉಸಿರು, ಮಾತಿನ ವೇಗ ಎಲ್ಲವೂ ಬದಲಾಗಬೇಕು, ಆದರೂ ಇವರೆಲ್ಲ ಒಳಗೆ ಒಂದೇ ಎಂಬ ಅನುಮಾನ ಪ್ರೇಕ್ಷಕನಿಗೆ ಉಳಿಯಬೇಕು. ದುಬೆಯವರ ಪ್ರಯೋಗದಲ್ಲಿ ಈ ಭಾರ ಹೊತ್ತವರು ಪುರಿ. ಬೆಳಿಗ್ಗೆ ಕಚೇರಿಯಲ್ಲಿ ಸಹಿ ಹಾಕಿ ಸಂಜೆ ನಾಲ್ಕು ಮನುಷ್ಯರಾಗುತ್ತಿದ್ದರು.

ಹವ್ಯಾಸಿ ತಂಡಗಳ ಸಣ್ಣ ಹಾಲುಗಳಲ್ಲಿ ಕೊನೆಯ ಸಾಲಿನವನಿಗೂ ಪಿಸುಮಾತು ಮುಟ್ಟಬೇಕು. ಕೂಗಿದರೆ ಅದು ಪಿಸುಮಾತಾಗುವುದಿಲ್ಲ. ಮುಂದೆ ದೇಶವನ್ನೇ ನಡುಗಿಸಿದ ಆ ಧ್ವನಿ ಹದಗೊಂಡದ್ದು ಈ ಕಷ್ಟದಲ್ಲೇ. ಅವರು ಕಂಠಕ್ಕಾಗಿ ದಿನವೂ ಅಭ್ಯಾಸ ಮಾಡುತ್ತಿದ್ದರು. ಆ ಧ್ವನಿಗೆ ಜಾಹೀರಾತುಗಳಲ್ಲೂ ಬೇಡಿಕೆ ಬಂತು. ರಂಗಭೂಮಿಯ ಸೇವೆಗಾಗಿ 1979ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ನೀಡಿತು. ಊರಿನ ಮಕ್ಕಳಿಗೆ ಅವರ ಹೆಸರು ಗೊತ್ತಾಗುವ ಎಷ್ಟೋ ವರ್ಷ ಮೊದಲಿನ ಮಾತಿದು.

ಚಂದ್ರೇಗೌಡನಾಗಿ ಕನ್ನಡಕ್ಕೆ

ಸಿನಿಮಾದಲ್ಲಿ ಮೊದಲ ಸಣ್ಣ ಪಾತ್ರಗಳು ಬರುವಾಗ ಅವರಿಗೆ ನಲವತ್ತು ಹತ್ತಿರವಾಗಿತ್ತು. 1970ರ ‘ಪ್ರೇಮ್ ಪೂಜಾರಿ’, 1971ರ ಸುನಿಲ್ ದತ್ತ್ ಅವರ ‘ರೇಷ್ಮಾ ಔರ್ ಶೇರಾ’ ಹೀಗೆ ಬಂದವು.

ತುಂಬು ಪಾತ್ರ ಕೊಟ್ಟವರಲ್ಲಿ ಮೊದಲಿಗರು ಕನ್ನಡಿಗರು. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿಯನ್ನು ಗಿರೀಶ ಕಾರ್ನಾಡರು 1973ರಲ್ಲಿ ಚಿತ್ರ ಮಾಡಿದಾಗ ಚಂದ್ರೇಗೌಡನ ಪಾತ್ರಕ್ಕೆ ಅಮರೀಶ್ ಪುರಿಯವರನ್ನು ಕರೆತಂದರು. ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ ಕಾಣುವ ಕಥೆಯದು. ಅವನು ನೆಂಟರ ಮನೆಗೆ ಬಂದಿದ್ದಾನೆ. ಮನೆಯ ಯಜಮಾನ ಚಂದ್ರೇಗೌಡನಿಗೆ ಪಕ್ಕದ ಊರಿನ ಹೆಂಗಸಿನ ಸಂಬಂಧವಿದೆ. ಅದರ ಸುತ್ತ ಎರಡು ಊರುಗಳ ವೈರ ಬೆಳೆದು ರಕ್ತ ಹರಿಯುತ್ತದೆ. ಹಳ್ಳಿಯ ಗೌಡಿಕೆಯ ಗತ್ತು, ಅದರ ಒಳಗಿನ ಟೊಳ್ಳು ಎರಡನ್ನೂ ಬಲ್ಲ ನಮ್ಮ ಕಡೆಯವರಿಗೆ ಆ ಚಿತ್ರ ಈಗಲೂ ಹೊಸದಾಗಿ ಕಾಣುತ್ತದೆ. ‘ಕಾಡು’ ಆ ವರ್ಷದ ಎರಡನೆಯ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಗೌಡನ ಹೆಂಡತಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು.

ನಂತರ ಶ್ಯಾಮ್ ಬೆನೆಗಲ್ ಕರೆದರು. 1975ರ ‘ನಿಶಾಂತ್’ ತೆಲಂಗಾಣದ ಜಮೀನ್ದಾರಿಯ ಕಥೆ. ಹೊಸದಾಗಿ ಬಂದ ಶಾಲಾ ಮೇಷ್ಟ್ರ ಹೆಂಡತಿಯನ್ನು ಜಮೀನ್ದಾರನ ತಮ್ಮಂದಿರು ಹೊತ್ತೊಯ್ಯುತ್ತಾರೆ. ಮೇಷ್ಟ್ರು ಗಿರೀಶ ಕಾರ್ನಾಡ್, ತಮ್ಮಂದಿರಲ್ಲಿ ಒಬ್ಬರು ಅನಂತನಾಗ್, ಎಲ್ಲರ ಮೇಲಿನ ಹಿರಿಯಣ್ಣ ಅಮರೀಶ್ ಪುರಿ. 1976ರ ‘ಮಂಥನ್’ ಗುಜರಾತಿನ ಹಾಲು ಸಹಕಾರ ಸಂಘಗಳ ಕಥೆ. ಐದು ಲಕ್ಷ ರೈತರು ತಲೆಗೆ ಎರಡು ರೂಪಾಯಿಯಂತೆ ಹಾಕಿ ಮಾಡಿದ ಚಿತ್ರ. ಅದರಲ್ಲಿ ಪುರಿಯವರು ರೈತರಿಗೆ ಕಡಿಮೆ ದರ ಕೊಟ್ಟು ಹಾಲು ಕೊಳ್ಳುವ ಡೈರಿ ಮಾಲೀಕ ಮಿಶ್ರಾ. ನಮ್ಮೂರಿನ ಡೈರಿಯ ಮುಂದೆ ಬೆಳಿಗ್ಗೆ ಕ್ಯಾನ್ ಹಿಡಿದು ನಿಲ್ಲುವವರಿಗೆ ಈ ಖಳ ಯಾರೆಂದು ವಿವರಿಸಬೇಕಿಲ್ಲ. ಅವನ ಕೈಯಲ್ಲಿ ಕತ್ತಿಯಿಲ್ಲ, ಲೆಕ್ಕದ ಪುಸ್ತಕವಿದೆ. 1977ರ ‘ಭೂಮಿಕಾ’ದಲ್ಲಿ ಸ್ಮಿತಾ ಪಾಟೀಲರ ಪಾತ್ರವನ್ನು ಮನೆಯೊಳಗೇ ಕೂಡಿಹಾಕುವ ಶ್ರೀಮಂತ ವಿನಾಯಕ ಕಾಳೆ ಕೂಡ ಹೀಗೆಯೇ, ಮಾತು ಸಭ್ಯ, ಬಾಗಿಲಿಗೆ ಮಾತ್ರ ಬೀಗ.

ಈ ವರ್ಷಗಳಲ್ಲಿಯೇ ಅವರು ನೌಕರಿಗೆ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಇಪ್ಪತ್ತೊಂದು ವರ್ಷ ಸೇವೆ ಮುಗಿದಿತ್ತು. ಮಕ್ಕಳು ಓದುತ್ತಿದ್ದರು. ಇಪ್ಪತ್ತೆರಡರಲ್ಲಿ ಸಂಬಳ ಬಿಡುವುದು ಬೇರೆ, ನಲವತ್ತು ದಾಟಿದ ಮೇಲೆ ಬಿಡುವುದು ಬೇರೆ. ಬೆಂಗಳೂರಿನಲ್ಲಿ ಮನೆ ಸಾಲದ ಕಂತು ಕಟ್ಟುತ್ತಿರುವ ನನ್ನಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅವರ ಧೈರ್ಯದ ಹಿಂದೆ ಹದಿನೈದು ವರ್ಷದ ತಯಾರಿ ಇತ್ತು.

ಮೊಗ್ಯಾಂಬೊ

ಹೊಸ ಅಲೆಯ ಚಿತ್ರಗಳಿಂದ ಹೆಸರು ಬಂತು, ಜನಪ್ರಿಯ ಚಿತ್ರಗಳಿಂದ ಪ್ರಸಿದ್ಧಿ ಬಂತು. ಇಲ್ಲಿಯೂ ಒಂದು ಕನ್ನಡದ ನಂಟಿದೆ. ಪುಟ್ಟಣ್ಣ ಕಣಗಾಲರ ‘ಪಡುವಾರಳ್ಳಿ ಪಾಂಡವರು’ ಚಿತ್ರವನ್ನು ಬಾಪು ಅವರು ಹಿಂದಿಯಲ್ಲಿ ‘ಹಮ್ ಪಾಂಚ್’ ಎಂದು ಮಾಡಿದರು. ಅದರಲ್ಲಿ ಊರನ್ನು ಹಿಡಿದಿಟ್ಟ ಜಮೀನ್ದಾರನ ಪಾತ್ರ ಅಮರೀಶ್ ಪುರಿಯವರದು. ನಿರ್ಮಾಪಕ ಬೋನಿ ಕಪೂರ್ ಅವರಿಗೆ ಅದು ಮೊದಲ ಚಿತ್ರ. 1982ರ ‘ವಿಧಾತಾ’ ಬರುವ ಹೊತ್ತಿಗೆ ಪುರಿಯವರಿಗೆ ಐವತ್ತು ವರ್ಷ. ಸರ್ಕಾರಿ ನೌಕರರು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನಲ್ಲಿ ಅವರು ಹಿಂದಿ ಚಿತ್ರರಂಗದ ಅತ್ಯಂತ ಬೇಡಿಕೆಯ ಖಳನಟರಾದರು.

1984ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ ಬಂತು. ನರಬಲಿ ಕೊಡುವ ಪೂಜಾರಿ ಮೋಲಾ ರಾಮ್ ಆಗಿ ಪುರಿಯವರು ಜಗತ್ತಿಗೇ ಪರಿಚಿತರಾದರು. ಆ ಪಾತ್ರಕ್ಕೆಂದು ತಲೆ ಬೋಳಿಸಿದರು, ಮುಂದೆ ಆ ಬೋಳುತಲೆಯೇ ಅವರ ಗುರುತಾಯಿತು. ಬೇಕಾದ ಪಾತ್ರಕ್ಕೆ ಬೇಕಾದ ವಿಗ್ ಹಾಕಿಕೊಳ್ಳುವುದೂ ಸುಲಭವಾಯಿತು. ಸ್ಪೀಲ್‌ಬರ್ಗ್ ತಮ್ಮ ಖಳರಲ್ಲಿ ಇವರೇ ತಮಗೆ ಅತ್ಯಂತ ಪ್ರಿಯರೆಂದು ಹೊಗಳಿದ್ದುಂಟು. ಆದರೆ ಈ ಚಿತ್ರದ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು. ಭಾರತದವರು ಹಾವು, ಹುಳ, ಮಂಗನ ಮಿದುಳು ತಿನ್ನುವವರೆಂಬಂತೆ ತೋರಿಸಿದ ಚಿತ್ರವದು. ಕಥೆಯನ್ನು ಬದಲಿಸದ ಹೊರತು ಇಲ್ಲಿ ಚಿತ್ರೀಕರಣ ಬೇಡವೆಂದು ನಮ್ಮ ಸರ್ಕಾರ ಹೇಳಿದ್ದರಿಂದ ಶ್ರೀಲಂಕಾದಲ್ಲಿ ಚಿತ್ರೀಕರಿಸಿದರು. ಅಂಥ ಚಿತ್ರದಲ್ಲಿ ನಟಿಸಿದ್ದಕ್ಕೆ ಪುರಿಯವರನ್ನು ಟೀಕಿಸಿದವರಿದ್ದಾರೆ. ಅದು ಬರೀ ಕಲ್ಪನೆಯ ಕಥೆ ಎಂಬುದು ಅವರ ಸಮಜಾಯಿಷಿ. ಟೀಕೆಯಲ್ಲಿ ಸತ್ಯವಿದೆ ಎಂದೇ ನನ್ನ ಅನಿಸಿಕೆ. ಅವರ ಅಭಿನಯದ ಬಗ್ಗೆ ಮಾತ್ರ ಎರಡು ಮಾತಿಲ್ಲ.

1987ರ ಮೇ ತಿಂಗಳಲ್ಲಿ ‘ಮಿಸ್ಟರ್ ಇಂಡಿಯಾ’ ತೆರೆಗೆ ಬಂತು. ನಿರ್ದೇಶಕ ಶೇಖರ್ ಕಪೂರ್, ನಿರ್ಮಾಪಕ ಅದೇ ಬೋನಿ ಕಪೂರ್. ಹೊಂಬಣ್ಣದ ವಿಗ್, ಜರತಾರಿ ಕೋಟು, ಬೆರಳುಗಳಲ್ಲಿ ಉಂಗುರ, ಎತ್ತರದ ಸಿಂಹಾಸನ, ಕೆಳಗೆ ಕುದಿಯುವ ಆಮ್ಲದ ಹೊಂಡ. ಕಾಗದದ ಮೇಲೆ ನೋಡಿದರೆ ಮೊಗ್ಯಾಂಬೊ ಮಕ್ಕಳ ಚಿತ್ರಕಥೆಯ ರಾಕ್ಷಸನಷ್ಟೇ. ಪುರಿಯವರು ಅವನನ್ನು ಒಬ್ಬ ಮಹಾರಾಜನಷ್ಟು ಗಂಭೀರವಾಗಿ ಆಡಿದರು. ತನಗೆ ಸಂತೋಷವಾಯಿತೆಂದು ಹೇಳುವ ಮೂರೇ ಪದಗಳ ಆ ಮಾತನ್ನು ಚಿತ್ರದುದ್ದಕ್ಕೂ ಹಲವು ಸಲ ಹೇಳುತ್ತಾರೆ. ಒಮ್ಮೆ ಮೆಚ್ಚುಗೆ, ಒಮ್ಮೆ ಬೆದರಿಕೆ, ಒಮ್ಮೆ ಮಗುವಿನ ಖುಷಿ. ‘ಆಧೇ ಅಧೂರೇ’ಯಲ್ಲಿ ಒಂದೇ ದೇಹದಲ್ಲಿ ನಾಲ್ವರನ್ನು ತೋರಿಸಿದ ನಟನಿಗೆ ಒಂದೇ ಸಾಲಿನಲ್ಲಿ ನಾಲ್ಕು ಭಾವ ತೋರಿಸುವುದು ಕಷ್ಟವಾಗಲಿಲ್ಲ. ಆಗ ಅವರಿಗೆ ಐವತ್ತೈದು ತುಂಬಲು ಒಂದು ತಿಂಗಳಿತ್ತು. ಸ್ಕ್ರೀನ್ ಟೆಸ್ಟಿನಲ್ಲಿ ನಪಾಸಾಗಿ ಮೂವತ್ತಮೂರು ವರ್ಷ ಕಳೆದಿತ್ತು.

ಹಿಂದಿ ಬಾರದ ನಮ್ಮೂರಿನವರಿಗೂ ಮೊಗ್ಯಾಂಬೊ ಗೊತ್ತಾದದ್ದು ಟಿ.ವಿ.ಯಿಂದ. ಟಿ.ವಿ. ಇದ್ದ ಒಂದೆರಡು ಮನೆಗಳ ಪಡಸಾಲೆಯಲ್ಲಿ ಊರಿಗೆ ಊರೇ ಕೂತು ನೋಡುತ್ತಿದ್ದ ಕಾಲವನ್ನು ಹಿರಿಯರು ಇಂದೂ ನೆನೆಯುತ್ತಾರೆ. ಟಿ.ವಿ.ಗೆಂದೇ ಮಾಡಿದ ಕೆಲಸವೂ ಅವರದಿದೆ. ದೇಶವಿಭಜನೆಯ ದಿನಗಳ ಕುರಿತು ಗೋವಿಂದ ನಿಹಲಾನಿ ಮಾಡಿದ ‘ತಮಸ್’ 1988ರಲ್ಲಿ ದೂರದರ್ಶನದಲ್ಲಿ ಬಂದಾಗ ಅಮರೀಶ್ ಪುರಿಯವರು ಗುರುದ್ವಾರದಲ್ಲಿ ಸೇರಿದ ಸಿಖ್ಖರ ಮುಂದಾಳು ತೇಜಾ ಸಿಂಗ್ ಆಗಿದ್ದರು. ಇಲ್ಲಿ ಅವರು ಖಳನಲ್ಲ, ಮುಳುಗುತ್ತಿರುವ ಊರಿನ ಹಿರಿಯ.

ಅಪ್ಪನ ಪಾತ್ರಗಳು

ಖಳನ ಮುಖಕ್ಕೆ ಒಮ್ಮೆ ಅಂಟಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಪುರಿಯವರು ಅರವತ್ತರ ಹೊಸ್ತಿಲಲ್ಲಿ ಅದನ್ನೂ ಮಾಡಿದರು. 1995ರ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’ಯಲ್ಲಿ ಲಂಡನ್ನಿನಲ್ಲಿ ಅಂಗಡಿ ಇಟ್ಟುಕೊಂಡು ಪಂಜಾಬನ್ನೇ ಕನಸು ಕಾಣುವ ಬಲದೇವ ಸಿಂಗ್ ಆದರು. ಮಗಳ ಮೇಲೆ ಪ್ರೀತಿ, ಆದರೆ ಅವಳ ಇಷ್ಟವನ್ನು ಕೇಳಲಾರದ ಹಟ. ಹೊರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಅಪ್ಪ ಚೆನ್ನಾಗಿ ಗೊತ್ತು.

1996ರ ‘ಘಾತಕ್’ನಲ್ಲಿ ಗಂಟಲ ಕ್ಯಾನ್ಸರಿನ ಚಿಕಿತ್ಸೆಗೆಂದು ಮಗನೊಂದಿಗೆ ಮುಂಬಯಿಗೆ ಬರುವ ತಂದೆಯಾದರು. ಖಳರ ಕೈಯಲ್ಲಿ ಅವಮಾನಕ್ಕೆ ಸಿಕ್ಕುವ ಮುದುಕನ ಪಾತ್ರ. ಕಂಠದಿಂದಲೇ ಹೆಸರಾದ ನಟ ಗಂಟಲಿನ ರೋಗಿಯಾಗಿ ನಟಿಸಿ ಫಿಲಂಫೇರ್ ಪೋಷಕ ನಟ ಪ್ರಶಸ್ತಿ ಪಡೆದರು. ಅದೇ ಪ್ರಶಸ್ತಿ ಹಿಂದೆ ‘ಮೇರಿ ಜಂಗ್’ಗೆ ಬಂದಿತ್ತು, ಮುಂದೆ ‘ವಿರಾಸತ್’ಗೂ ಬಂತು. ಕನ್ನಡ, ತೆಲುಗು, ತಮಿಳು, ಇಂಗ್ಲಿಷ್ ಚಿತ್ರಗಳನ್ನೂ ಸೇರಿಸಿದರೆ ಅವರ ಚಿತ್ರಗಳು ನಾನೂರು ದಾಟುತ್ತವೆ.

2005ರ ಜನವರಿ 12ರಂದು, ಎಪ್ಪತ್ತೆರಡರ ವಯಸ್ಸಿನಲ್ಲಿ, ಅವರು ಮುಂಬಯಿಯಲ್ಲಿ ತೀರಿಕೊಂಡರು. ನಾನು ಆಗ ಇದೇ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದೆ. ಬೆಳಗಿನ ಪ್ರಾರ್ಥನೆಯಲ್ಲಿ ದಿನಪತ್ರಿಕೆಯ ಮುಖ್ಯಾಂಶ ಓದುವ ಸರದಿಯವನು ಈ ಸುದ್ದಿಯನ್ನು ಓದಿದಾಗ ಸಾಲಿನಲ್ಲಿ ಗುಸುಗುಸು ಎದ್ದಿತ್ತು. ನಮಗೆಲ್ಲ ಗೊತ್ತಿದ್ದುದು ಮೊಗ್ಯಾಂಬೊ ಮಾತ್ರ. ಇಎಸ್‌ಐ ಕಚೇರಿ, ದುಬೆ, ‘ಕಾಡು’ ಇದೊಂದೂ ಗೊತ್ತಿರಲಿಲ್ಲ. ನಾನೂ ಕೆಲಸಕ್ಕೆ ಸೇರಿ, ಸಂಜೆಯ ಹೊತ್ತು ಎಲ್ಲಿ ಹೋಯಿತೆಂದು ಹುಡುಕುವಂತಾದ ಮೇಲೆ ಅವರ ಜೀವನದ ಈ ಭಾಗವನ್ನು ಓದಿ ತಿಳಿದೆ.

ಒಂದು ವಿನಂತಿ

ಎಲ್ಲರೂ ಅಮರೀಶ್ ಪುರಿ ಆಗುವುದಿಲ್ಲ. ಸಂಜೆ ತಾಲೀಮು ಮಾಡಿದವರಿಗೆಲ್ಲ ಐವತ್ತರಲ್ಲಿ ಸ್ಪೀಲ್‌ಬರ್ಗ್ ಸಿಗುವುದೂ ಇಲ್ಲ. ‘ಆಧೇ ಅಧೂರೇ’ ಆಡುತ್ತಿದ್ದ ದಿನಗಳಲ್ಲಿ ಪುರಿಯವರಿಗೂ ಮುಂದೆ ಇದೆಲ್ಲ ಇದೆಯೆಂದು ಗೊತ್ತಿರಲಿಲ್ಲ. ಸಿನಿಮಾ ಬರದೇ ಹೋಗಿದ್ದರೂ ಆ ಸಂಜೆಗಳು ವ್ಯರ್ಥವಾಗುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಆ ಸಣ್ಣ ಹಾಲುಗಳಲ್ಲಿ ಕೂತು ನೋಡಿದವರಿಗೆ ನಾಟಕ ಅಂದೇ ಪೂರ್ತಿ ಸಿಕ್ಕಿತ್ತು.

ನಮ್ಮ ಶಾಲೆಯ ರಂಗಮಂಟಪ ವರ್ಷಕ್ಕೆ ಒಂದು ಸಲ ವಾರ್ಷಿಕೋತ್ಸವಕ್ಕೆ ಬೆಳಕು ಕಾಣುತ್ತದೆ. ಉಳಿದ ದಿನ ಅಲ್ಲಿ ಮುರಿದ ಬೆಂಚುಗಳು. ಸುವರ್ಣ ಮಹೋತ್ಸವದ ನಿಧಿಯಲ್ಲಿ ಗೇಟು, ಕಮಾನು, ನಾಮಫಲಕಗಳ ಮಾತು ನಡೆದಿದೆ, ಅವೂ ಬೇಕು. ಅದರ ಜೊತೆಗೆ ಆ ಬೆಂಚುಗಳನ್ನು ತೆರವು ಮಾಡಿಸಿ, ಎರಡು ಟ್ಯೂಬ್‌ಲೈಟ್ ಹಾಕಿಸಿ, ವಾರಕ್ಕೆ ಎರಡು ಸಂಜೆ ಮಂಟಪವನ್ನು ಊರಿನವರ ತಾಲೀಮಿಗೆ ಬಿಟ್ಟುಕೊಡಬೇಕೆಂದು ಮುಖ್ಯೋಪಾಧ್ಯಾಯರಲ್ಲೂ ಎಸ್‌ಡಿಎಂಸಿಯವರಲ್ಲೂ ಹಳೆಯ ವಿದ್ಯಾರ್ಥಿಗಳ ಸಂಘದವರಲ್ಲೂ ಕೇಳಿಕೊಳ್ಳುತ್ತೇನೆ. ಹಗಲು ಅಂಗಡಿ ನೋಡುವವರು, ಡೈರಿಯಲ್ಲಿ ಹಾಲು ಅಳೆಯುವವರು, ಪಂಚಾಯಿತಿ ಕಚೇರಿಯಲ್ಲಿ ಕೂರುವವರು ಸಂಜೆ ಬಂದು ಓದಲಿ, ಆಡಲಿ. ನಮ್ಮ ಮಕ್ಕಳೂ ಮುಂದೆ ಕೂತು ನೋಡಲಿ. ವಿದ್ಯುತ್ ಬಿಲ್ಲನ್ನು 2006ರ ಬ್ಯಾಚಿನ ನಾವು ಕಟ್ಟುತ್ತೇವೆ. ಮೈಕ್ ಮಾತ್ರ ಬೇಡ.